ಲಿಫ್ಟ್‌ನ ವಿಡಿಯೊ ಬರೆಸಿದ ನಿಯಮಗಳು

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ 2014ರ ಬೇಸಿಗೆಯಲ್ಲಿ ಇಬ್ಬರು ಆಟಗಾರರಿಗೆ ಶಿಕ್ಷೆ ಕೊಟ್ಟಿತು. ಬಾಲ್ಟಿಮೋರ್ ರೇವನ್ಸ್ ತಂಡದ ರೇ ರೈಸ್‌ಗೆ ಎರಡು ಪಂದ್ಯ ನಿಷೇಧ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಜಾಶ್ ಗಾರ್ಡನ್‌ಗೆ ಇಡೀ ಸೀಸನ್, ಅಂದರೆ 16 ಪಂದ್ಯ ನಿಷೇಧ. ಗಾರ್ಡನ್ ಸಿಕ್ಕಿಬಿದ್ದದ್ದು ಗಾಂಜಾ ಪರೀಕ್ಷೆಯಲ್ಲಿ. ಹಿಂದೆಯೂ ಅವರು ಡ್ರಗ್ಸ್ ನಿಯಮ ಮುರಿದಿದ್ದರು. ರೈಸ್ ಮಾಡಿದ್ದು ಬೇರೆ. ತಾನು ಮದುವೆಯಾಗಬೇಕಿದ್ದ ಹೆಣ್ಣುಮಗಳನ್ನು ಪ್ರಜ್ಞೆ ತಪ್ಪುವಂತೆ ಹೊಡೆದಿದ್ದರು.

ಗಾಂಜಾಗೆ 16, ಹೆಂಗಸಿಗೆ ಹೊಡೆದದ್ದಕ್ಕೆ 2. ಇದು ಹೇಗೆ ಸಾಧ್ಯ? ಉತ್ತರ ಸರಳ. ಡ್ರಗ್ಸ್ ವಿಷಯದಲ್ಲಿ ಎಷ್ಟನೇ ಸಲಕ್ಕೆ ಎಷ್ಟು ಶಿಕ್ಷೆ ಅಂತ ಆಟಗಾರರ ಸಂಘದ ಜೊತೆ ಕೂತು ಮೊದಲೇ ಬರೆದಿಟ್ಟಿದ್ದರು. ಹೊಡೆತಕ್ಕೆ ಅಂಥ ಲೆಕ್ಕ ಬರೆದಿರಲಿಲ್ಲ. ಲೀಗ್‌ನ ಮುಖ್ಯಸ್ಥನಾದ ಕಮಿಷನರ್‌ಗೆ ಸರಿ ಕಂಡಷ್ಟು ಕೊಡಬಹುದಿತ್ತು. ಯಾವುದನ್ನು ಬರೆದಿಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅಂತ ಕ್ರೀಡಾ ಲೀಗ್‌ಗಳು ಅಂದುಕೊಂಡಿದ್ದರ ಹಿಂದೆ ಸುಮಾರು ನೂರು ವರ್ಷದ ಕಥೆಯಿದೆ.

1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡದ ಎಂಟು ಆಟಗಾರರ ಮೇಲೆ ದುಡ್ಡು ತೆಗೆದುಕೊಂಡು ಸೋತ ಆರೋಪ ಬಂತು. ಜನ ಇನ್ನು ಆಟ ನೋಡಲು ಬರುವುದಿಲ್ಲ ಎಂದು ತಂಡಗಳ ಮಾಲೀಕರು ಹೆದರಿದರು. 1920ರಲ್ಲಿ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಬ ನ್ಯಾಯಾಧೀಶರನ್ನು ಕರೆತಂದು, ಕಮಿಷನರ್ ಎಂಬ ಹೊಸ ಹುದ್ದೆ ಮಾಡಿ, ಪೂರ್ತಿ ಅಧಿಕಾರ ಕೊಟ್ಟರು. 1921ರ ಆಗಸ್ಟ್ 2ರಂದು ಜ್ಯೂರಿ ಆ ಆಟಗಾರರು ನಿರ್ದೋಷಿಗಳು ಅಂದಿತು. ಮರುದಿನವೇ ಲ್ಯಾಂಡಿಸ್ ಎಂಟೂ ಜನರನ್ನು ಆಜೀವ ನಿಷೇಧಿಸಿದರು. ಕೋರ್ಟ್ ಏನೇ ಹೇಳಲಿ, ಲೀಗ್ ತನ್ನದೇ ತೀರ್ಮಾನ ತೆಗೆದುಕೊಳ್ಳಬಹುದು ಎಂಬ ಪದ್ಧತಿ ಗಟ್ಟಿಯಾದದ್ದು ಅಲ್ಲಿಂದ.

ಆ ಅಧಿಕಾರ ಹುಟ್ಟಿದ್ದು ಆಟದ ಮರ್ಯಾದೆ ಉಳಿಸಲಿಕ್ಕೆ. ಫಿಕ್ಸಿಂಗ್ ಆದರೆ ಆಟಕ್ಕೆ ನಷ್ಟ, ಆಮೇಲೆ ಬಂದ ಡೋಪಿಂಗ್ ನಿಯಮಗಳೂ ಆಟಕ್ಕೆ ಆಗುವ ನಷ್ಟ ತಡೆಯಲಿಕ್ಕೆ. ಆಟಗಾರ ಮನೆಯಲ್ಲಿ ಹೆಂಡತಿಗೆ ಹೊಡೆದರೆ ಆಟಕ್ಕೇನು ನಷ್ಟ? ಅದು ಅವರ ಮನೆ ವಿಷಯ, ಪೊಲೀಸರು ನೋಡಿಕೊಳ್ಳುತ್ತಾರೆ ಅಂತ ದಶಕಗಳ ಕಾಲ ಲೀಗ್‌ಗಳು ಸುಮ್ಮನಿದ್ದವು. ಎನ್‌ಎಫ್‌ಎಲ್ ಹಿಂಸೆಯ ಬಗ್ಗೆ ಮೊದಲ ಸಲ ನೀತಿ ತಂದದ್ದು 1997ರಲ್ಲಿ. 2007ರಲ್ಲಿ ಕಮಿಷನರ್ ರಾಜರ್ ಗುಡೆಲ್ ಅದನ್ನು ಬಿಗಿ ಮಾಡಿದರು. ಪದೇ ಪದೇ ಪೊಲೀಸ್ ಪ್ರಕರಣಗಳಲ್ಲಿ ಹೆಸರು ಬಂದಿದ್ದ ಆಡಮ್ 'ಪ್ಯಾಕ್‌ಮನ್' ಜೋನ್ಸ್‌ರನ್ನು ಇಡೀ ಸೀಸನ್ ಹೊರಗಿಟ್ಟರು. ಆದರೂ ಎಲ್ಲವೂ ಒಬ್ಬ ವ್ಯಕ್ತಿಯ ತೀರ್ಮಾನಕ್ಕೆ ಬಿಟ್ಟದ್ದಾಗಿತ್ತು.

ಹಾಗೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ರೈಸ್ ಪ್ರಕರಣ ತೋರಿಸಿತು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

2014ರ ಫೆಬ್ರುವರಿ 15ರ ಬೆಳಗಿನ ಜಾವ, ಅಟ್ಲಾಂಟಿಕ್ ಸಿಟಿಯ ರೆವೆಲ್ ಎಂಬ ಕ್ಯಾಸಿನೊದ ಲಿಫ್ಟ್‌ನಲ್ಲಿ ಘಟನೆ ನಡೆಯಿತು. ನಾಲ್ಕು ದಿನದೊಳಗೆ ಟಿಎಂಝಡ್ ಎಂಬ ವೆಬ್‌ಸೈಟ್ ಒಂದು ವಿಡಿಯೊ ಹಾಕಿತು. ಲಿಫ್ಟ್ ಬಾಗಿಲು ತೆರೆಯುತ್ತದೆ, ಪ್ರಜ್ಞೆಯಿಲ್ಲದ ಹೆಂಗಸನ್ನು ರೈಸ್ ಹೊರಗೆ ಎಳೆಯುತ್ತಾರೆ. ಒಳಗೆ ಏನಾಗಿರಬಹುದು ಅಂತ ಊಹಿಸಲು ಅದಕ್ಕಿಂತ ಜಾಸ್ತಿ ಏನು ಬೇಕು? ಆದರೆ ತಂಡ ರೈಸ್ ಬೆನ್ನಿಗೆ ನಿಂತಿತು. ಮೇ ತಿಂಗಳಲ್ಲಿ ಕರೆದ ಪತ್ರಿಕಾಗೋಷ್ಠಿಯಲ್ಲಿ, ಅಷ್ಟರಲ್ಲಿ ಹೆಂಡತಿಯಾಗಿದ್ದ ಆಕೆಯನ್ನು ರೈಸ್ ಪಕ್ಕದಲ್ಲೇ ಕೂರಿಸಲಾಯಿತು. ಆ ರಾತ್ರಿಯ ಘಟನೆಯಲ್ಲಿ ತನ್ನ ಪಾತ್ರಕ್ಕಾಗಿ ವಿಷಾದವಿದೆ ಎಂದು ಆಕೆ ಹೇಳಿದರು. ತಂಡ ಆ ಮಾತನ್ನು ತನ್ನ ಟ್ವಿಟರ್ ಖಾತೆಯಲ್ಲಿ ಹಾಕಿಕೊಂಡಿತು. ಏಟು ತಿಂದವಳ ಕೈಲಿ ಕ್ಷಮೆ ಕೇಳಿಸಿ ಅದನ್ನು ಪ್ರಚಾರಕ್ಕೆ ಬಳಸಿದ್ದು, ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಹೇಸಿಗೆ ಅನಿಸಿದ ಸಂಗತಿ.

ಜೂನ್ 16ರಂದು ಗುಡೆಲ್ ವಿಚಾರಣೆ ನಡೆಸಿದರು. ಅಲ್ಲೂ ಆಕೆಯ ಮಾತು ಕೇಳಿದ್ದು ರೈಸ್ ಎದುರಿಗೇ. ಮನೆಯೊಳಗಿನ ಹಿಂಸೆಯ ವಿಷಯ ಸ್ವಲ್ಪವಾದರೂ ಗೊತ್ತಿದ್ದವರು ಹೀಗೆ ಮಾಡುವುದಿಲ್ಲ. ಹೊಡೆದವನು ಪಕ್ಕದಲ್ಲೇ ಕೂತಿದ್ದರೆ ಯಾರು ತಾನೆ ಬಾಯಿ ಬಿಡುತ್ತಾರೆ? ಅವನ ಕೆಲಸ ಹೋದರೆ ಮನೆಯ ಆದಾಯವೂ ಹೋಗುತ್ತದೆ ಅನ್ನುವ ಭಯ ಬೇರೆ. ಆ ವಿಚಾರಣೆಯ ನಂತರ ಬಂದದ್ದೇ ಎರಡು ಪಂದ್ಯದ ಶಿಕ್ಷೆ. ಜನ ರೊಚ್ಚಿಗೆದ್ದರು. ಆಗಸ್ಟ್ 28ರಂದು ಗುಡೆಲ್ ತಂಡಗಳ ಮಾಲೀಕರಿಗೆ ಪತ್ರ ಬರೆದು ತಪ್ಪು ಒಪ್ಪಿಕೊಂಡರು. ಇನ್ನು ಮೇಲೆ ಇಂಥ ಮೊದಲ ತಪ್ಪಿಗೆ ಆರು ಪಂದ್ಯ ಎಂದರು.

ಸೆಪ್ಟೆಂಬರ್ 8ರಂದು ಲಿಫ್ಟ್ ಒಳಗಿನ ವಿಡಿಯೊ ಹೊರಬಂತು. ಹೊಡೆತ ಕಣ್ಣಿಗೆ ಕಂಡಿತು. ಅದೇ ದಿನ ತಂಡ ರೈಸ್‌ರನ್ನು ಕೈಬಿಟ್ಟಿತು, ಲೀಗ್ ಅನಿರ್ದಿಷ್ಟ ಕಾಲ ನಿಷೇಧ ಹಾಕಿತು. ನವೆಂಬರ್‌ನಲ್ಲಿ ರೈಸ್ ಪರವಾದ ಮೇಲ್ಮನವಿ ಕೇಳಿದ ನಿವೃತ್ತ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಆ ಎರಡನೇ ಶಿಕ್ಷೆಯನ್ನು ರದ್ದು ಮಾಡಿದರು. ರೈಸ್ ಲೀಗ್‌ಗೆ ಸುಳ್ಳು ಹೇಳಿರಲಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಲಾಗದು ಎಂಬುದು ಅವರ ತೀರ್ಪು. ಫೆಬ್ರುವರಿಗೂ ಸೆಪ್ಟೆಂಬರ್‌ಗೂ ನಡುವೆ ಆಕೆಗೆ ಆದ ನೋವು ಬದಲಾಗಿರಲಿಲ್ಲ, ಅಲ್ವಾ? ಬದಲಾದದ್ದು ಲೀಗ್‌ಗೆ ಆದ ಮುಜುಗರದ ಪ್ರಮಾಣ ಮಾತ್ರ. ಮುಜುಗರ ಅಳೆದು ಶಿಕ್ಷೆ ಕೊಡಲು ಹೊರಟರೆ ಹೊಡೆತ ತಿಂದವರಿಗೂ ನ್ಯಾಯ ಸಿಗುವುದಿಲ್ಲ, ಆಟಗಾರನಿಗೂ ಸಿಗುವುದಿಲ್ಲ. ರೈಸ್ ನಿಷೇಧ ರದ್ದಾದರೂ ಯಾವ ತಂಡವೂ ಅವರನ್ನು ಮತ್ತೆ ಆಡಿಸಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಎನ್‌ಎಫ್‌ಎಲ್ ಹೊಸ ನೀತಿ ತಂದಿತು. ಲೀಗ್ ತಾನೇ ತನಿಖೆ ಮಾಡುತ್ತದೆ, ಪೊಲೀಸ್ ಕೇಸ್ ದಾಖಲಾಗದಿದ್ದರೂ ಶಿಕ್ಷೆ ಕೊಡಬಹುದು, ಗಂಭೀರ ಆರೋಪವಿದ್ದರೆ ಆಟಗಾರನನ್ನು ಸಂಬಳ ಕೊಟ್ಟು ಹೊರಗೆ ಕೂರಿಸಬಹುದು. ಬೇಸ್‌ಬಾಲ್ ಲೀಗ್ ಎಂಎಲ್‌ಬಿ 2015ರ ಆಗಸ್ಟ್‌ನಲ್ಲಿ ಇನ್ನೂ ಒಳ್ಳೆಯ ದಾರಿ ಹಿಡಿಯಿತು. ಎನ್‌ಎಫ್‌ಎಲ್ ನೀತಿಯನ್ನು ಮೇಲಿನಿಂದ ಹೇರಿದರೆ, ಇಲ್ಲಿ ಆಟಗಾರರ ಸಂಘವೂ ಸಹಿ ಹಾಕಿತು. ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ದೌರ್ಜನ್ಯ ಮೂರೂ ಒಂದೇ ನೀತಿಯಲ್ಲಿ ಬಂದವು. ತಜ್ಞರಿರುವ ಮಂಡಳಿ, ಆಟಗಾರನಿಗೆ ಕಡ್ಡಾಯ ಚಿಕಿತ್ಸಾ ಯೋಜನೆ, ಶಿಕ್ಷೆ ಜಾಸ್ತಿ ಅನಿಸಿದರೆ ಮಧ್ಯಸ್ಥಗಾರರ ಮುಂದೆ ಹೋಗುವ ಹಕ್ಕು, ಎಲ್ಲವೂ ಬರವಣಿಗೆಯಲ್ಲಿದ್ದವು. ಆ ಹಕ್ಕು ಬರೀ ಕಾಗದದ ಮೇಲೆ ಉಳಿಯಲಿಲ್ಲ. 2022ರಲ್ಲಿ ಟ್ರೆವರ್ ಬಾವರ್ ಎಂಬ ಆಟಗಾರನಿಗೆ ಲೀಗ್ ಹಾಕಿದ 324 ಪಂದ್ಯಗಳ ನಿಷೇಧವನ್ನು ಮಧ್ಯಸ್ಥಗಾರರು 194ಕ್ಕೆ ಇಳಿಸಿದರು. ಅವರ ಮೇಲೆ ಕ್ರಿಮಿನಲ್ ಕೇಸ್ ದಾಖಲಾಗಿರಲಿಲ್ಲ, ಆರೋಪಗಳನ್ನು ಅವರು ನಿರಾಕರಿಸಿದ್ದರು.

ನಿಯಮ ಬಂದರೂ ವ್ಯಾಪಾರ ನಿಲ್ಲಲಿಲ್ಲ. ಈ ನೀತಿಯಡಿ ಮೊದಲು ಶಿಕ್ಷೆಯಾದದ್ದು ಅರೊಲ್ಡಿಸ್ ಚಾಪ್‌ಮನ್ ಎಂಬ ವೇಗದ ಪಿಚರ್‌ಗೆ, 2016ರ ಮಾರ್ಚ್‌ನಲ್ಲಿ, 30 ಪಂದ್ಯ. ಆರೋಪದ ಸುದ್ದಿ ಹೊರಬಂದಾಗ ಅವರನ್ನು ಕೊಳ್ಳಲು ಹೊರಟಿದ್ದ ಒಂದು ತಂಡ ಹಿಂದೆ ಸರಿಯಿತು. ಬೆಲೆ ಬಿದ್ದ ಸಮಯ ನೋಡಿ ನ್ಯೂಯಾರ್ಕ್ ಯಾಂಕೀಸ್ ಕೊಂಡಿತು. ಅರ್ಧ ಸೀಸನ್ ಕಳೆಯುವಷ್ಟರಲ್ಲಿ ಒಳ್ಳೆಯ ಲಾಭಕ್ಕೆ ಶಿಕಾಗೊ ಕಬ್ಸ್‌ಗೆ ಕೊಟ್ಟಿತು. ಕಬ್ಸ್ ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಹೆಂಗಸೊಬ್ಬಳು ಪೊಲೀಸರಿಗೆ ಕೊಟ್ಟ ದೂರು ತಂಡಗಳ ಲೆಕ್ಕದಲ್ಲಿ ರಿಯಾಯಿತಿ ದರವಾಗಿ ಬದಲಾಯಿತು. ಆಟಗಾರನಿಗೆ ಶಿಕ್ಷೆ ಕೊಡುವ ನಿಯಮ ತಂಡಗಳಿಗೆ ಏನೂ ಹೇಳದೆ ಇದ್ದರೆ ಹೀಗೇ ಆಗುವುದು.

ಇನ್ನು ಕಠಿಣ ಪ್ರಶ್ನೆಗೆ ಬರೋಣ. ಆರೋಪ ಸಾಬೀತಾಗುವ ಮುಂಚೆ ಏನು ಮಾಡಬೇಕು? ಆಸ್ಟ್ರೇಲಿಯಾದ ರಗ್ಬಿ ಲೀಗ್ ಎನ್‌ಆರ್‌ಎಲ್ 2019ರಲ್ಲಿ ಇದಕ್ಕೆ ನೇರವಾದ ಉತ್ತರ ಕೊಟ್ಟಿತು. 11 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಆಗಬಹುದಾದ ಅಪರಾಧದ ಆರೋಪ ದಾಖಲಾದರೆ ಆಟಗಾರ ತಾನಾಗೇ ಹೊರಗೆ. ಪೂರ್ತಿ ಸಂಬಳ ಬರುತ್ತದೆ, ತಂಡದ ಜೊತೆ ಅಭ್ಯಾಸ ಮಾಡಬಹುದು, ಪಂದ್ಯ ಆಡುವಂತಿಲ್ಲ. ತಪ್ಪು ಮಾಡಿದ್ದಾನೆ ಅಂತ ಇದರ ಅರ್ಥವಲ್ಲ ಎಂದು ನಿಯಮದ ಹೆಸರಲ್ಲೇ ('ನೋ-ಫಾಲ್ಟ್ ಸ್ಟ್ಯಾಂಡ್-ಡೌನ್') ಹೇಳಿದ್ದರು.

ಮೊದಲು ಈ ನಿಯಮಕ್ಕೆ ಸಿಕ್ಕಿದ್ದು ಸೇಂಟ್ ಜಾರ್ಜ್ ಇಲ್ಲವಾರ ಡ್ರ್ಯಾಗನ್ಸ್ ತಂಡದ ಜ್ಯಾಕ್ ಡಿ ಬೆಲಿನ್. ಅವರು ಫೆಡರಲ್ ಕೋರ್ಟ್‌ಗೆ ಹೋದರು, ಕೋರ್ಟ್ ಲೀಗ್ ಪರವಾಗಿ ನಿಂತಿತು. ಆದರೆ ಕ್ರಿಮಿನಲ್ ವಿಚಾರಣೆ ಎಳೆಯುತ್ತಲೇ ಹೋಯಿತು. 2020ರ ಜ್ಯೂರಿಗೆ ಒಮ್ಮತ ಬರಲಿಲ್ಲ. 2021ರ ಮರುವಿಚಾರಣೆಯಲ್ಲಿ ಒಂದು ಆರೋಪದಿಂದ ಬಿಡುಗಡೆ, ಉಳಿದವುಗಳಲ್ಲಿ ಮತ್ತೆ ಒಮ್ಮತವಿಲ್ಲ. ಕೊನೆಗೆ ಸರ್ಕಾರ ಕೇಸ್ ಕೈಬಿಟ್ಟಿತು. ಅಷ್ಟರಲ್ಲಿ ಅವರು ಎರಡು ವರ್ಷಕ್ಕೂ ಮೇಲ್ಪಟ್ಟು ಆಟ ಕಳೆದುಕೊಂಡಿದ್ದರು. ಸಂಬಳ ಬಂದಿರಬಹುದು, ಹೋದ ವರ್ಷಗಳು ಬರುವುದಿಲ್ಲ. ಇದು ಸಣ್ಣ ಬೆಲೆಯಲ್ಲ. ಆದರೂ ಈ ನಿಯಮದ ಪರ ನಿಲ್ಲುತ್ತೇನೆ. ಯಾಕೆಂದರೆ ಇದು ಆಟಗಾರ ಎಷ್ಟು ದೊಡ್ಡವನು, ನಾಳೆ ಫೈನಲ್ ಇದೆಯಾ, ವಿಡಿಯೊ ಇದೆಯಾ ಅಂತ ಕೇಳುವುದಿಲ್ಲ.

ಹಾಗೆ ಕೇಳುತ್ತಾ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡ್ ಕ್ರಿಕೆಟ್ ನೋಡಿ. 2017ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನ ಬೀದಿಯಲ್ಲಿ ನಡೆದ ಹೊಡೆದಾಟದಲ್ಲಿ ಬೆನ್ ಸ್ಟೋಕ್ಸ್ ಬಂಧನವಾಯಿತು. ತನಿಖೆ ನಡೆಯುತ್ತಿದ್ದಾಗ ಮಂಡಳಿ ಅವರನ್ನು ಆಶಸ್‌ನಿಂದ ಹೊರಗಿಟ್ಟಿತು. 2018ರ ಜನವರಿಯಲ್ಲಿ ಪೊಲೀಸರು ಆರೋಪ ದಾಖಲಿಸಿದರು. ಆಮೇಲೆ ಅದೇ ಮಂಡಳಿ ಅವರನ್ನು ನ್ಯೂಜಿಲೆಂಡ್ ಪ್ರವಾಸಕ್ಕೆ ಕರೆಸಿಕೊಂಡಿತು! ಬರೀ ಅನುಮಾನ ಇದ್ದಾಗ ಹೊರಗೆ, ಕೇಸ್ ದಾಖಲಾದ ಮೇಲೆ ಒಳಗೆ. ಆಗಸ್ಟ್‌ನಲ್ಲಿ ಕೋರ್ಟ್ ನಿರ್ದೋಷಿ ಅಂದಿತು. ಡಿಸೆಂಬರ್‌ನಲ್ಲಿ ಶಿಸ್ತು ಸಮಿತಿ, ಆಟಕ್ಕೆ ಕೆಟ್ಟ ಹೆಸರು ತಂದದ್ದಕ್ಕೆ ಎಂಟು ಪಂದ್ಯ ನಿಷೇಧ, 30,000 ಪೌಂಡ್ ದಂಡ ಹಾಕಿತು. ನಿಷೇಧದ ಪಂದ್ಯಗಳನ್ನು ಅವರು ಆಗಲೇ ತಪ್ಪಿಸಿಕೊಂಡಾಗಿತ್ತು.

ಶ್ರೀಲಂಕಾದ ದನುಷ್ಕಾ ಗುಣತಿಲಕ 2022ರ ಟಿ20 ವಿಶ್ವಕಪ್ ಸಮಯದಲ್ಲಿ ಸಿಡ್ನಿಯಲ್ಲಿ ಬಂಧನವಾದಾಗ ಶ್ರೀಲಂಕಾ ಮಂಡಳಿ ಕೂಡಲೇ ನಿಷೇಧ ಹಾಕಿತು. 2023ರಲ್ಲಿ ಕೋರ್ಟ್ ಬಿಡುಗಡೆ ಮಾಡಿದ ಮೇಲೆ ತೆಗೆಯಿತು. ಕನಿಷ್ಠ ಅದರಲ್ಲಿ ಒಂದು ಸುಸಂಬದ್ಧತೆ ಇತ್ತು.

ನಮ್ಮಲ್ಲಿ? 2012ರ ಐಪಿಎಲ್ ವೇಳೆ ನಮ್ಮ ಆರ್‌ಸಿಬಿಯ ಆಸ್ಟ್ರೇಲಿಯಾ ಆಟಗಾರ ಲ್ಯೂಕ್ ಪಾಮರ್ಸ್‌ಬ್ಯಾಕ್ ದೆಹಲಿಯ ಹೋಟೆಲ್‌ನಲ್ಲಿ ಮಹಿಳೆಯೊಬ್ಬರು ಕೊಟ್ಟ ದೂರಿನ ಮೇಲೆ ಬಂಧನವಾದರು. ಫ್ರಾಂಚೈಸಿ ಅವರನ್ನು ಅಮಾನತು ಮಾಡಿತು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. ಅದರಿಂದ ಯಾವ ಪಾಠವೂ ನಿಯಮವಾಗಲಿಲ್ಲ.

2018ರ ಮಾರ್ಚ್‌ನಲ್ಲಿ ಮೊಹಮ್ಮದ್ ಶಮಿ ಮೇಲೆ ಅವರ ಪತ್ನಿ ಕೌಟುಂಬಿಕ ಹಿಂಸೆಯ ದೂರು ಕೊಟ್ಟರು. ಜೊತೆಗೆ ದುಡ್ಡಿನ ವ್ಯವಹಾರದ ಬಗ್ಗೆಯೂ ಒಂದು ಆರೋಪವಿತ್ತು. ಎಲ್ಲವನ್ನೂ ಶಮಿ ನಿರಾಕರಿಸಿದರು. ಬಿಸಿಸಿಐ ಅವರ ವಾರ್ಷಿಕ ಒಪ್ಪಂದ ತಡೆಹಿಡಿಯಿತು. ಭ್ರಷ್ಟಾಚಾರ ನಿಗ್ರಹ ಘಟಕದ ನೀರಜ್ ಕುಮಾರ್‌ಗೆ ತನಿಖೆ ಒಪ್ಪಿಸಿತು. ಫಿಕ್ಸಿಂಗ್ ಅನುಮಾನ ಇಲ್ಲ ಅಂತ ವರದಿ ಬಂದದ್ದೇ, ಅದೇ ತಿಂಗಳಲ್ಲಿ ಒಪ್ಪಂದ ಸಿಕ್ಕಿತು. ಕೌಟುಂಬಿಕ ಹಿಂಸೆಯ ದೂರು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಕೋರ್ಟ್ ಕೆಲಸ. ನಾನು ಹೇಳುತ್ತಿರುವುದು ಮಂಡಳಿಯ ಬಗ್ಗೆ. ದುಡ್ಡಿನ ಆರೋಪಕ್ಕೆ ಅದರ ಬಳಿ ಘಟಕ ಇತ್ತು, ತನಿಖಾಧಿಕಾರಿ ಇದ್ದರು, ಎರಡೇ ವಾರದಲ್ಲಿ ಉತ್ತರ ಬಂತು. ಹಿಂಸೆಯ ಆರೋಪಕ್ಕೆ ಅಂಥದ್ದು ಯಾವುದೂ ಇರಲಿಲ್ಲ. 1921ರಲ್ಲಿ ಲ್ಯಾಂಡಿಸ್ ನಿಂತಿದ್ದ ಜಾಗದಲ್ಲೇ ನಮ್ಮ ಕ್ರಿಕೆಟ್ ನಿಂತಿತ್ತು.

ಮುಂದಿನ ವರ್ಷ ನಮ್ಮ ಕೆ.ಎಲ್. ರಾಹುಲ್ ಸರದಿ. 2019ರ ಜನವರಿಯಲ್ಲಿ ಪ್ರಸಾರವಾದ ಟಿವಿ ಕಾರ್ಯಕ್ರಮವೊಂದಕ್ಕೆ ಹಾರ್ದಿಕ್ ಪಾಂಡ್ಯ ಜೊತೆ ಹೋಗಿದ್ದರು. ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಮಾತಾಡಿದ್ದು ಮುಖ್ಯವಾಗಿ ಪಾಂಡ್ಯ. ಶಿಕ್ಷೆ ಇಬ್ಬರಿಗೂ ಒಂದೇ. ಆಡಳಿತ ಸಮಿತಿಯ ವಿನೋದ್ ರಾಯ್ ಮೊದಲು ಎರಡು ಪಂದ್ಯ ಸಾಕು ಎಂದರು, ಡಯಾನಾ ಎಡುಲ್ಜಿ ಕಾನೂನು ಅಭಿಪ್ರಾಯ ಕೇಳೋಣ ಎಂದರು. ಕೊನೆಗೆ ವಿಚಾರಣೆ ಮುಗಿಯುವ ತನಕ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕಳಿಸಿದರು. ಆದರೆ ವಿಚಾರಣೆ ಮಾಡಬೇಕಿದ್ದ ಒಂಬುಡ್ಸ್‌ಮನ್ ಹುದ್ದೆ ಖಾಲಿ! ಕೇಳುವವರೇ ಇಲ್ಲದ ಕಾರಣ ಎರಡು ವಾರದೊಳಗೆ ಅಮಾನತು ತೆಗೆಯಬೇಕಾಯಿತು. ಆಮೇಲೆ ನೇಮಕವಾದ ನ್ಯಾಯಮೂರ್ತಿ ಡಿ.ಕೆ. ಜೈನ್ ಏಪ್ರಿಲ್‌ನಲ್ಲಿ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಗಳ ಹತ್ತು ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ, 10 ಲಕ್ಷ ಅಂಧರ ಕ್ರಿಕೆಟ್‌ಗೆ. ಎರಡೂ ಒಳ್ಳೆಯ ಕೆಲಸವೇ. ಆದರೆ ಅವಮಾನವಾದದ್ದು ಹೆಣ್ಣುಮಕ್ಕಳಿಗೆ. ಅವರಿಗಾಗಿ ಅದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ.

2021ರಲ್ಲಿ ಬಿಸಿಸಿಐ ಲೈಂಗಿಕ ಕಿರುಕುಳ ತಡೆ ನೀತಿ ತಂದು, ಅದನ್ನು ಆಟಗಾರರಿಗೂ ಅನ್ವಯಿಸಿತು. ಇದು ಒಳ್ಳೆಯ ಹೆಜ್ಜೆ. ಆದರೆ ಅಂಥ ನೀತಿ ಮುಖ್ಯವಾಗಿ ಕೆಲಸದ ಜಾಗದಲ್ಲಿ ಆಗುವ ಕಿರುಕುಳಕ್ಕೆ. ಮನೆಯೊಳಗಿನ ಏಟಿಗೆ, ಹೊರಗೆ ನಡೆದ ಅತ್ಯಾಚಾರದ ಆರೋಪಕ್ಕೆ ಬೇರೆಯೇ ದಾರಿ ಬೇಕು. ಗಂಭೀರ ಆರೋಪಪಟ್ಟಿ ಸಲ್ಲಿಕೆಯಾದ ದಿನದಿಂದ ಸಂಬಳ ಕೊಟ್ಟು ಹೊರಗೆ ಕೂರಿಸುವ ನಿಯಮ ಬೇಕು. ನಮ್ಮ ಕೋರ್ಟ್‌ಗಳ ವೇಗ ನೋಡಿದರೆ, ಇಂತಿಷ್ಟು ತಿಂಗಳಿಗೊಮ್ಮೆ ಅದನ್ನು ಮರುಪರಿಶೀಲಿಸುವ ಸ್ವತಂತ್ರ ವ್ಯಕ್ತಿಯೂ ಬೇಕು. ಇಲ್ಲದಿದ್ದರೆ ಡಿ ಬೆಲಿನ್‌ಗೆ ಎರಡು ವರ್ಷ ಹೋದ ಕಡೆ ನಮ್ಮ ಹುಡುಗನಿಗೆ ಹತ್ತು ವರ್ಷ ಹೋದೀತು. ದೂರು ಕೊಟ್ಟವರ ಮಾತನ್ನು ಆಟಗಾರ, ಫ್ರಾಂಚೈಸಿ ಇಬ್ಬರೂ ಇಲ್ಲದ ಕಡೆ ಕೇಳಬೇಕು. ಅಮಾನತಿನಲ್ಲಿರುವ ಆಟಗಾರನನ್ನು ಹರಾಜಿನಲ್ಲಿ ಅಗ್ಗಕ್ಕೆ ಎತ್ತಿಕೊಳ್ಳಲು ಅವಕಾಶ ಇರಬಾರದು.

ಇದನ್ನೆಲ್ಲ ಬರೆಯಲು ಕೂರುವಾಗ ಮೇಜಿನ ಆ ಕಡೆ ಆಟಗಾರರ ಪರವಾಗಿ ಒಬ್ಬರಿರಬೇಕು. ಬೇಸ್‌ಬಾಲ್ ನೀತಿ ಗಟ್ಟಿಯಾಗಿ ನಿಂತದ್ದು ಸಂಘದ ಸಹಿ ಇದ್ದದ್ದರಿಂದ. ನಮ್ಮಲ್ಲಿ 2019ರಲ್ಲಿ ಶುರುವಾದ ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗುವುದು ನಿವೃತ್ತ ಆಟಗಾರರು. ಈಗ ಆಡುತ್ತಿರುವವರಿಗೆ ಸಂಘವೇ ಇಲ್ಲ. ನಿಯಮ ಬರೆಯುವ ಮುಂಚೆ ಬಿಸಿಸಿಐ ಮಾಡಬೇಕಾದ ಮೊದಲ ಕೆಲಸ ಅದು: ಹಾಲಿ ಆಟಗಾರರು, ಮಹಿಳಾ ತಂಡದವರನ್ನೂ ಸೇರಿಸಿ, ತಮ್ಮ ಸಂಘ ಕಟ್ಟಿಕೊಳ್ಳಲು ಬಿಡುವುದು.