ಮೊದಲು ಕಲ್ಲು ಒಡೆಯಬೇಕು, ಸ್ಟೆಂಟ್ ಆಮೇಲೆ

ಆಂಜಿಯೋಗ್ರಾಂ ಮುಗಿಸಿ ಹೊರಗೆ ಬಂದು, "ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ತುಂಬಾ ಇದೆ, ನೇರವಾಗಿ ಸ್ಟೆಂಟ್ ಹಾಕೋಕಾಗಲ್ಲ, ಮೊದಲು ಅದನ್ನ ಒಡೀಬೇಕು" ಅಂದರೆ ಮನೆಯವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅದೆಲ್ಲ ಬೇಡ ಡಾಕ್ಟ್ರೇ, ಸುಮ್ನೆ ಒಂದು ಸ್ಟೆಂಟ್ ಹಾಕಿಬಿಡಿ." ಭಯ, ಖರ್ಚಿನ ಚಿಂತೆ ಎರಡೂ ಆ ಮಾತಿನ ಹಿಂದಿವೆ, ಗೊತ್ತು. ಆದರೂ ಕೇಳಿ ಕೇಳಿ ಸಾಕಾಗಿದೆ. ಆ ಮಾತಿಗೆ ಒಪ್ಪಿದರೆ ರೋಗಿಗೆ ಕೇಡು ಮಾಡಿದ ಹಾಗೆ.

ಮೊದಲು ಒಂದು ಚಿಕ್ಕ ವಿಷಯ. ಈ ಕ್ಯಾಲ್ಸಿಯಂ ಹಾಲು ಕುಡಿದು, ರಾಗಿ ಮುದ್ದೆ ಉಂಡು ಬಂದದ್ದಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕಿಡ್ನಿ ತೊಂದರೆ, ಇವೆಲ್ಲ ಸೇರಿ ಕೊಬ್ಬು ಕಟ್ಟಿದ ಜಾಗವನ್ನು ವರ್ಷಗಟ್ಟಲೆ ಗಟ್ಟಿ ಮಾಡುತ್ತಾ ಬರುತ್ತವೆ. ಡಯಾಲಿಸಿಸ್‌ನಲ್ಲಿರುವ ಎಷ್ಟೋ ಜನರಲ್ಲಿ ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಬಿಡುವ ದ್ರವ, ಅಂದರೆ ಡೈ, ಬಿಡುವ ಮೊದಲೇ ನಾಳದ ಗೋಡೆ ಪರದೆ ಮೇಲೆ ಗೆರೆಯಾಗಿ ಕಾಣುತ್ತದೆ. ಅದನ್ನು ಕರಗಿಸುತ್ತದೆ ಎಂದು ಸಾಬೀತಾದ ಮಾತ್ರೆಯೂ ಇಲ್ಲ, ಕಷಾಯವೂ ಇಲ್ಲ.

ಈಗ ನಿಜವಾದ ವಿಷಯ. ಸ್ಟೆಂಟ್‌ಗೆ ಸ್ವಂತ ಬಲ ಇಲ್ಲ. ಅದು ಬಲೂನಿನ ಮೇಲೆ ಕೂತ ತೆಳುವಾದ ಲೋಹದ ಜಾಲರಿ. ಬಲೂನ್ ಎಷ್ಟು ಅರಳಿದರೆ ಅದೂ ಅಷ್ಟೇ. ಮೆತ್ತಗಿನ ಕೊಬ್ಬಾದರೆ ಬದಿಗೆ ಸರಿಯುತ್ತದೆ. ಸುತ್ತಲೂ ಸುಣ್ಣಗಟ್ಟಿದ ನಾಳ ಜಗ್ಗುವುದಿಲ್ಲ. ಬಲೂನಿನ ಎರಡೂ ತುದಿ ಉಬ್ಬಿ, ನಡು ಹಿಂಡಿಕೊಂಡು, ಡಮರುಗದ ಹಾಗೆ ನಿಲ್ಲುತ್ತದೆ. 20 ಅಟ್ಮಾಸ್ಫಿಯರ್, ಅಂದರೆ ಗಾಳಿಯ ಸಹಜ ಒತ್ತಡದ 20 ಪಟ್ಟು, ಒತ್ತಡ ಕೊಟ್ಟರೂ ಕೆಲವು ಸಲ ಆ ನಡು ಬಿಡುವುದಿಲ್ಲ. ಇನ್ನೂ ಒತ್ತಿದರೆ ನಾಳವೇ ಹರಿಯಬಹುದು. ಅಂಥ ಕಡೆ 3 ಮಿ.ಮೀ. ಸ್ಟೆಂಟ್ ಹಾಕಿದರೆ ಅದು 2 ಮಿ.ಮೀ.ಗೇ ನಿಂತುಬಿಡಬಹುದು. ಒಮ್ಮೆ ಅರಳಿಸಿದ ಸ್ಟೆಂಟನ್ನು ವಾಪಸ್ ತೆಗೆಯುವುದು ಸುಲಭವಲ್ಲ. ಅರ್ಧ ಅರಳಿದ್ದು ಮತ್ತೆ ಮುಚ್ಚಿಕೊಳ್ಳುವ ಅಪಾಯ ಜಾಸ್ತಿ, ಒಳಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ಇನ್ನೊಂದು ಸಲ ಹೇಳುತ್ತೇನೆ: ಅರಳದ ಸ್ಟೆಂಟ್ ಬಿಟ್ಟು ಬರುವುದಕ್ಕಿಂತ, ಹಾಕದೆ ಹೊರಗೆ ಬಂದು ಯೋಚಿಸುವುದು ಎಷ್ಟೋ ಸಲ ಮೇಲು.

ಅದಕ್ಕೇ ಮೊದಲು ಕಲ್ಲು, ಅಂದರೆ ಈ ಗಟ್ಟಿ ಕ್ಯಾಲ್ಸಿಯಂ, ಒಡೆಯುವುದು. ರೋಟಾ, ಅಂದರೆ ರೋಟಾಬ್ಲೇಷನ್, ಹಳೆಯ ದಾರಿ, ಅಮೆರಿಕದಲ್ಲಿ 1993ರಲ್ಲೇ ಅನುಮತಿ ಸಿಕ್ಕಿದ್ದು. ವಜ್ರದ ಸಣ್ಣ ಹರಳು ಕೂರಿಸಿದ ತುದಿ ನಿಮಿಷಕ್ಕೆ ಸುಮಾರು ಒಂದೂವರೆ ಲಕ್ಷ ಸುತ್ತು ತಿರುಗುತ್ತಾ ಗಟ್ಟಿ ಭಾಗವನ್ನು ಉಜ್ಜುತ್ತದೆ. ಪುಡಿ ಬಹುಪಾಲು ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಲಿಥೋಟ್ರಿಪ್ಸಿ ಹೊಸದು, ಅಲ್ಲಿ ಅನುಮತಿ ಬಂದದ್ದು 2021ರಲ್ಲಿ. ಕಿಡ್ನಿ ಕಲ್ಲು ಒಡೆಯುವ ತಂತ್ರವೇ, ಬಲೂನಿನೊಳಗೆ. ಮೆಲ್ಲಗೆ ಉಬ್ಬಿಸಿದ ಬಲೂನಿನಿಂದ ಶಬ್ದದ ಅಲೆಗಳು ಹೊರಟು ಗೋಡೆಯ ಆಳದಲ್ಲಿರುವ ಕ್ಯಾಲ್ಸಿಯಂಗೂ ಬಿರುಕು ಬಿಡಿಸುತ್ತವೆ. ಆದರೆ ಬಲೂನ್ ಅಲ್ಲಿವರೆಗೆ ಹೋಗಬೇಕಲ್ಲ? ಹೋಗದಿದ್ದರೆ ಮೊದಲು ರೋಟಾದಿಂದ ದಾರಿ ಮಾಡಬೇಕು. ಯಾವುದು ಸರಿ ಅಂತ ನಾಳದ ಒಳಗಿನಿಂದ ಚಿತ್ರ ತೆಗೆದು ನೋಡಿಯೇ ಹೇಳಬೇಕು. ಕ್ಯಾಲ್ಸಿಯಂ ಅರ್ಧ ಸುತ್ತಿಗಿಂತ ಹೆಚ್ಚು ಹಬ್ಬಿ, ಅರ್ಧ ಮಿ.ಮೀ.ಗಿಂತ ದಪ್ಪಗಿದ್ದು, 5 ಮಿ.ಮೀ.ಗಿಂತ ಉದ್ದ ಇದ್ದರೆ ಸ್ಟೆಂಟ್ ಸರಿಯಾಗಿ ಅರಳುವ ಭರವಸೆ ಕಡಿಮೆ. ಇವು ಯಾವುವೂ ಅಪಾಯವೇ ಇಲ್ಲದ ಕೆಲಸಗಳಲ್ಲ. ನಾಳ ತೂತಾಗಬಹುದು, ರಕ್ತದ ಹರಿವು ಕೊಂಚ ಹೊತ್ತು ನಿಧಾನವಾಗಬಹುದು.

ಮಂಡ್ಯ ಕಡೆಯ ಒಬ್ಬ ಹಿರಿಯರು ಬಂದಿದ್ದರು. ಡಯಾಲಿಸಿಸ್ ನಡೀತಿತ್ತು, ಹೃದಯದ ಪಂಪಿಂಗ್ ಕಡಿಮೆ. ಬೈಪಾಸ್ ಬೇಡ ಅಂತ ಸರ್ಜನ್ ಹೇಳಿದ್ದರು. ಮಗ ಸಿಟ್ಟಾಗಿದ್ದ: "ಅಪ್ಪನ ಎದೆಯೊಳಗೆ ಡ್ರಿಲ್ ಬಿಡ್ತೀರಾ ಸಾರ್?" ಗಾಜಿನ ಈಚೆ ಕರೆದು ಪರದೆ ತೋರಿಸಿದೆ. ಹಿಂಡಿಕೊಂಡ ನಡು ನೋಡಿದ. ಅಲೆ ಬಿಟ್ಟ ಮೇಲೆ ಅದೇ ಬಲೂನ್ ನೇರವಾದದ್ದನ್ನೂ ನೋಡಿದ. ಆಮೇಲೆ ಅವನು ಕೇಳಿದ್ದು: "ಇದನ್ನ ನಿನ್ನೆನೇ ತೋರಿಸಬಾರದಿತ್ತಾ?" ನ್ಯಾಯವಾದ ಪ್ರಶ್ನೆ. ತುರ್ತು ಇಲ್ಲದಿದ್ದರೆ ಆಂಜಿಯೋಗ್ರಾಂ ಒಂದು ದಿನ, ಚಿಕಿತ್ಸೆ ಇನ್ನೊಂದು ದಿನ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯವರಿಗೆ ಕೂತು ಮಾತಾಡಲು ಹೊತ್ತು ಸಿಗುತ್ತದೆ. ಕಿಡ್ನಿಗೂ ಒಂದೇ ದಿನ ಅಷ್ಟು ಡೈ ಬೀಳುವುದು ತಪ್ಪುತ್ತದೆ.

ಖರ್ಚಿನ ಮಾತು ಆಗಲೇ ಆಡಿ. ಸ್ಟೆಂಟ್‌ಗೆ 2017ರ ಫೆಬ್ರವರಿಯಿಂದ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ, ಈ ಸಾಧನಗಳಿಗೆ ಹಾಗಿಲ್ಲ. ಲಿಥೋಟ್ರಿಪ್ಸಿ ಬಲೂನ್ ಒಂದಕ್ಕೇ ಸ್ಟೆಂಟ್‌ನ ಹಲವು ಪಟ್ಟು ಬೀಳುತ್ತದೆ. ವಿಮೆಯವರು ಕೊಡುತ್ತಾರೋ ಇಲ್ಲವೋ ಮೊದಲೇ ಕೇಳಿ, ಬರೆದು ಕೊಡಿ ಅನ್ನಿ. ಹಣ ಹೊಂದದಿದ್ದರೆ ಅದನ್ನೂ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ರೋಟಾ ಇದೆ, ಸಣ್ಣ ಬ್ಲೇಡ್ ಇರುವ ಕಟಿಂಗ್ ಬಲೂನ್ ಇದೆ, ಕೆಲವರಿಗೆ ಬೈಪಾಸೇ ಸರಿ, ಇನ್ನು ಕೆಲವರಿಗೆ ಮಾತ್ರೆ ತಗೊಂಡು ಕಾಯುವುದೂ ಸರಿ.