ಬಾಯಲ್ಲೇ ಅರ್ಧ ನುಂಗಿದ ಆಣೆಗಳು

ಶೇಕ್ಸ್‌ಪಿಯರ್ ಪಾಠ ಶುರುವಾದರೆ ಸಾಕು, ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. "ಮೇಡಂ, 'ಝೌಂಡ್ಸ್' ಅಂದ್ರೇನು? ಗೈಡಲ್ಲಿ ಬರೀ ಕೋಪದ ಉದ್ಗಾರ ಅಂತಿದೆ."

ಅದು ಆಣೆ. 'ಗಾಡ್ಸ್ ವೂಂಡ್ಸ್', ಅಂದರೆ ಶಿಲುಬೆಯ ಮೇಲೆ ಯೇಸುವಿಗಾದ ಗಾಯಗಳ ಮೇಲಾಣೆ. ದೇವರ ಹೆಸರನ್ನು ಸುಮ್‌ಸುಮ್ನೆ ಎತ್ತಬಾರದು ಅನ್ನುವುದು ಕ್ರೈಸ್ತರ ಹತ್ತು ಕಟ್ಟಳೆಗಳಲ್ಲಿ ಒಂದು. ಆದರೆ ಸಿಟ್ಟು ಬಂದಾಗ ಬಾಯಿ ಕೇಳಬೇಕಲ್ಲ? ಹೆಸರನ್ನು ನುಂಗಿ ಬಾಲ ಮಾತ್ರ ಹೊರಗೆ ಬಿಟ್ಟರು. 'ಸ್‌ಬ್ಲಡ್' ಅಂದರೆ ದೇವರ ರಕ್ತ. 'ಗಾಶ್', 'ಗಾಲಿ' ಎರಡೂ 'ಗಾಡ್' ಅನ್ನುವುದನ್ನು ತಿರುಚಿದ್ದು. 'ಬ್ಲೈಮಿ' ನನಗೆ ತುಂಬಾ ಇಷ್ಟ, ಯಾಕೆಂದರೆ ಅದು 'ದೇವರು ನನ್ನ ಕಣ್ಣು ಕಳೆಯಲಿ' ಅನ್ನುವ ಮಾತು. ನಮ್ಮಲ್ಲೂ "ಸುಳ್ಳು ಹೇಳಿದ್ರೆ ನನ್ನೆರಡೂ ಕಣ್ಣು ಹೋಗ್ಲಿ" ಅಂತಾರಲ್ವಾ, ಥೇಟ್ ಅದೇ.

ನಾವು 'ದೇವರಾಣೆ' ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಯಾರೂ ಬೆಚ್ಚುವುದಿಲ್ಲ. ಅದಕ್ಕೇ ಈ ಪದಗಳ ಹಿಂದಿನ ಭಯ ನಮ್ಮ ಮಕ್ಕಳಿಗೆ ಬೇಗ ಹಿಡಿಯುವುದಿಲ್ಲ.

ಅಲ್ಲಿ ಅದು ಬರೀ ಪಾಪದ ಭಯವೂ ಆಗಿರಲಿಲ್ಲ. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ತಂದಿತು. ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಬಳಸಿದರೆ ಸಲಕ್ಕೆ 10 ಪೌಂಡ್ ದಂಡ, ಅದರಲ್ಲಿ ಅರ್ಧ ದಾವೆ ಹೂಡಿದವನಿಗೇ. ಅಂದಮೇಲೆ ನೋಡಲು ಬಂದವರಲ್ಲಿ ಯಾರು ಬೇಕಾದರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರಬಹುದಿತ್ತು!

ಇದರ ಗುರುತು ಪುಸ್ತಕದಲ್ಲೇ ಕಾಣುತ್ತದೆ. 'ಒಥೆಲೊ' 1622ರಲ್ಲಿ ಬಿಡಿಯಾಗಿ ಅಚ್ಚಾಯಿತು, ಮರುವರ್ಷ ನಾಟಕಗಳ ದೊಡ್ಡ ಸಂಪುಟದಲ್ಲಿ ಮತ್ತೆ ಬಂತು. ನಾನು ಎರಡರ ಮೊದಲ ದೃಶ್ಯವನ್ನೂ ಜೆರಾಕ್ಸ್ ಮಾಡಿಸಿ ಅಕ್ಕಪಕ್ಕ ಕೊಡುತ್ತೇನೆ. ನಡುರಾತ್ರಿ ನಾಟಕದ ಖಳ ಇಯಾಗೊ ಬೀದಿಯಲ್ಲಿ ನಿಂತು, ಮನೆಬಿಟ್ಟು ಹೋದ ನಾಯಕಿ ಡೆಸ್ಡಿಮೋನಾಳ ಮುದಿ ತಂದೆಯನ್ನು ಕೆರಳಿಸಲೆಂದು ಎಬ್ಬಿಸುತ್ತಾನೆ. ಮೊದಲ ಪ್ರತಿಯಲ್ಲಿ "ಝೌಂಡ್ಸ್ ಸ್ವಾಮಿ, ನಿಮ್ಮನ್ನು ದೋಚಿದ್ದಾರೆ" ಅಂತ ಇದೆ. ಎರಡನೆಯದರಲ್ಲಿ ಬರೀ "ಸ್ವಾಮಿ, ನಿಮ್ಮನ್ನು ದೋಚಿದ್ದಾರೆ". ಮಕ್ಕಳು ಬೆರಳಿಟ್ಟು ಹುಡುಕುತ್ತಾರೆ. ಅದೇ ದೃಶ್ಯದ ಶುರುವಿನಲ್ಲಿದ್ದ 'ಸ್‌ಬ್ಲಡ್' ಕೂಡ ಮಾಯ.

ಕನ್ನಡಕ್ಕೆ ತರುವವರು ಇಲ್ಲಿ 'ಅಯ್ಯೋ' ಅಂತ ಹಾಕಿಬಿಡುತ್ತಾರೆ. ನನಗದು ಸರಿ ಕಾಣುವುದಿಲ್ಲ. ಇಯಾಗೊ ಗೋಳಾಡುತ್ತಿಲ್ಲ. ಮುದುಕ ನಂಬಲಿ ಅಂತ ಆಣೆ ಹಾಕುತ್ತಿದ್ದಾನೆ, ಅದೂ ಇಂಥ ಕೆಟ್ಟ ಕೆಲಸಕ್ಕೆ. "ದೇವರಾಣೆಗೂ ಸ್ವಾಮಿ, ನಿಮ್ಮನೆ ದೋಚಿದ್ದಾರೆ" ಅಂತ ಜೋರಾಗಿ ಓದಿಸಿ ನೋಡಿ.