ದೂರದಲ್ಲಿ ಕೂತು ನೋಡುವವರಿಗೆ ಫುಟ್‌ಬಾಲ್ ಅರ್ಥವಾಗುತ್ತಾ?

ಪ್ರಶ್ನೆ: ನಾನು ಹತ್ತು ವರ್ಷದಿಂದ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿ. ಅವರ ಆನ್‌ಫೀಲ್ಡ್ ಮೈದಾನವನ್ನು ಕಣ್ಣಾರೆ ಕಂಡಿಲ್ಲ. 'ಟಿವಿ ನೋಡಿ ಅಭಿಮಾನಿ ಆದವರಿಗೆ ಆಟ ಏನು ಗೊತ್ತಾಗುತ್ತೆ?' ಅಂತ ಸ್ನೇಹಿತರು ಕೇಳ್ತಾರೆ. ಅವರು ಹೇಳೋದು ನಿಜವಾ?

ಉತ್ತರ: ಖಂಡಿತ ಗೊತ್ತಾಗುತ್ತೆ. ಆದರೆ ಟಿವಿ ತೋರಿಸಿದ್ದನ್ನಷ್ಟೇ ನೋಡಿದರೆ ಅರ್ಧ ಆಟ ಕೈತಪ್ಪಿ ಹೋಗುತ್ತದೆ.

ದೂರ ಇದ್ದ ಮಾತ್ರಕ್ಕೆ ಕಡಿಮೆ ನೋಡುತ್ತೀರಿ ಅಂತೇನೂ ಇಲ್ಲ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರಪ್ರಸಾರ ಇರುವುದಿಲ್ಲ. ಜನ ಮನೆಯಲ್ಲೇ ಕೂತರೆ ಸಣ್ಣ ಕ್ಲಬ್‌ಗಳ ಮೈದಾನ ಖಾಲಿ ಹೊಡೆಯುತ್ತವೆ ಅಂತ 1960ರ ದಶಕದಿಂದ ಬಂದ ಕಟ್ಟುಪಾಡು ಇದು. ಹಾಗಾಗಿ 3 ಗಂಟೆಯ ಮ್ಯಾಚಿಗೆ ಟಿಕೆಟ್ ಸಿಗದೆ ಆನ್‌ಫೀಲ್ಡ್ ಪಕ್ಕದ ಬೀದಿಯಲ್ಲೇ ಉಳಿದವರು ಅದನ್ನು ಟಿವಿಯಲ್ಲಿ ನೋಡುವ ಹಾಗಿಲ್ಲ. ಹುಬ್ಬಳ್ಳಿಯಲ್ಲಿ ಕೂತವರು ನೋಡಬಹುದು!

ತೊಂದರೆ ಕೊಡೋದು ಕ್ಯಾಮೆರಾ. ಅದು ಯಾವಾಗಲೂ ಚೆಂಡಿನ ಹಿಂದೆಯೇ ಓಡುತ್ತದೆ. ಒಂದು ಲೆಕ್ಕ ಹಾಕಿ. 90 ನಿಮಿಷದಲ್ಲಿ ಚೆಂಡು ನಿಜಕ್ಕೂ ಆಟದಲ್ಲಿರುವುದು ಹೆಚ್ಚುಕಮ್ಮಿ 55-60 ನಿಮಿಷ. ಅದನ್ನು 22 ಜನಕ್ಕೆ ಹಂಚಿದರೆ ತಲೆಗೆ ಮೂರು ನಿಮಿಷವೂ ಬರಲ್ಲ. ಮಿಕ್ಕ ಹೊತ್ತೆಲ್ಲ ಆಟಗಾರ ಜಾಗ ಹಿಡಿಯುತ್ತಿರುತ್ತಾನೆ, ಎದುರಾಳಿಯನ್ನು ಬೇರೆ ಕಡೆ ಎಳೆಯುತ್ತಿರುತ್ತಾನೆ, ಪಾಸ್ ಹೋಗುವ ದಾರಿಗೆ ಅಡ್ಡ ನಿಂತಿರುತ್ತಾನೆ. ಆಟದ ಬಹುಪಾಲು ಇರೋದೇ ಅಲ್ಲಿ.

2019ರ ಮೇ 7ರ ಮ್ಯಾಚ್ ನಿಮಗೆ ನೆನಪಿರಲೇಬೇಕು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎರಡು ಮ್ಯಾಚಿನ ಗೋಲು ಕೂಡಿಸಿ ಗೆದ್ದವರು ಯಾರು ಅಂತ ತೀರ್ಮಾನ. ಬಾರ್ಸಿಲೋನಾದಲ್ಲಿ 3-0 ಸೋತು ಬಂದ ಲಿವರ್‌ಪೂಲ್, ಆನ್‌ಫೀಲ್ಡಿನಲ್ಲಿ ಮೂರು ಗೋಲು ಹೊಡೆದು ಸಮ ಮಾಡಿತ್ತು. ನಮ್ಮಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು. 79ನೇ ನಿಮಿಷ, ಮೈದಾನದ ಮೂಲೆಯಿಂದ ಚೆಂಡು ಒದೆಯುವ ಕಾರ್ನರ್. ಲಿವರ್‌ಪೂಲಿನ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡು ಬಿಟ್ಟು ಎರಡು ಹೆಜ್ಜೆ ಆಚೆ ನಡೆದರು. ತಟ್ಟನೆ ತಿರುಗಿ ಒದ್ದರು. ಅವರ ಜೊತೆ ಆಟಗಾರ ಒರಿಗಿ ಗೋಲು ಹೊಡೆದರು. 4-0!

ಆ ತುಣುಕನ್ನು ಇನ್ನೊಂದು ಸಲ ನೋಡಿ. ಈ ಸಲ ಚೆಂಡನ್ನು ಬಿಟ್ಟು ಬಾರ್ಸಿಲೋನಾದವರ ಮುಖ ಯಾವ ಕಡೆ ಇದೆ ಅಂತ ಗಮನಿಸಿ. ಹೆಚ್ಚಿನವರು ಚೆಂಡಿನ ಕಡೆ ನೋಡುತ್ತಿಲ್ಲ. ಆ ಗೋಲು ಹುಟ್ಟಿದ್ದು ಅಲ್ಲಿ, ಒರಿಗಿ ಕಾಲಿಗೆ ಚೆಂಡು ತಗಲುವ ಮೊದಲೇ.

ಈ ಕಣ್ಣು ಪಳಗಬೇಕಾದರೆ ವಿಮಾನ ಹತ್ತಬೇಕಾಗಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಮ್ಯಾಚ್ ಇದ್ದಾಗ ಸ್ವಲ್ಪ ಎತ್ತರದ ಸಾಲಿನಲ್ಲಿ ಕೂತುಕೊಳ್ಳಿ. ಓಟದ ಟ್ರ್ಯಾಕ್ ನಡುವೆ ಇರೋದರಿಂದ ಮೈದಾನ ತುಸು ದೂರ, ನಿಜ. ಆದರೆ ಇಡೀ ಆಟ ಒಂದೇ ನೋಟಕ್ಕೆ ಸಿಗುತ್ತದೆ. ಹತ್ತು ನಿಮಿಷ ಒಬ್ಬನೇ ಡಿಫೆಂಡರನ್ನು ನೋಡಿ, ಚೆಂಡು ಎಲ್ಲಿಗಾದರೂ ಹೋಗಲಿ. ಅವನು ಎಷ್ಟು ಸಲ ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ, ಪಕ್ಕದವನಿಗೆ ಹೇಗೆ ಕೈಸನ್ನೆ ಮಾಡುತ್ತಾನೆ ಅಂತ ಎಣಿಸಿ. ಇದನ್ನು ಮಾಡಿ ಬಂದ ಮೇಲೆ ಟಿವಿಯಲ್ಲೂ ಪರದೆಯ ಅಂಚಿನ ಕಡೆ ಕಣ್ಣು ತಾನಾಗಿ ಹೋಗುತ್ತದೆ.

ಆದರೆ ಲಿವರ್‌ಪೂಲ್ ಊರಿನವರಿಗೇ ಗೊತ್ತಿರುವ ಇನ್ನೊಂದು ವಿಷಯ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು. 2016ರ ಫೆಬ್ರವರಿ 6ರಂದು ಸಂಡರ್‌ಲ್ಯಾಂಡ್ ವಿರುದ್ಧ ಲಿವರ್‌ಪೂಲ್ 2-0 ಮುಂದಿತ್ತು. 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಮುಂದಿನ ಸೀಸನ್ನಿಗೆ ಕೆಲವು ಟಿಕೆಟ್‌ಗಳನ್ನು 77 ಪೌಂಡ್ ಮಾಡುತ್ತೇವೆ ಅಂತ ಕ್ಲಬ್ ಹೇಳಿತ್ತು, ಅದಕ್ಕೆ. ಆಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಮ್ಯಾಚ್ ಸಮ ಮಾಡಿತು. ಬರೀ ಸ್ಕೋರ್ ನೋಡಿದವರಿಗೆ ಅದೊಂದು ಕೆಟ್ಟ ದಿನ, ಅಷ್ಟೇ. ತಲೆಮಾರುಗಳಿಂದ ಅಲ್ಲಿ ನಿಂತು ಕೂಗಿದ ಮನೆಯವರಿಗೆ ಅದು ತಮ್ಮ ಮಕ್ಕಳಿಗೆ ಜಾಗ ಉಳಿಯುತ್ತಾ ಅನ್ನುವ ಪ್ರಶ್ನೆ. ಕೆಲವೇ ದಿನದಲ್ಲಿ ಕ್ಲಬ್ ಕ್ಷಮೆ ಕೇಳಿ ಆ ಬೆಲೆ ಕೈಬಿಟ್ಟಿತು.

ಆದ್ದರಿಂದ ಮ್ಯಾಚ್ ವರದಿಯ ಜೊತೆಗೆ ಅಲ್ಲಿನ ಅಭಿಮಾನಿಗಳ ಸಂಘ ಸ್ಪಿರಿಟ್ ಆಫ್ ಶ್ಯಾಂಕ್ಲಿ ಏನು ಹೇಳುತ್ತಿದೆ ಅನ್ನೋದನ್ನೂ ಆಗಾಗ ಓದುತ್ತಿರಿ. ಆ ದಿನ ಜನ ಎದ್ದು ಹೋಗಲು ಕರೆ ಕೊಟ್ಟವರಲ್ಲಿ ಅವರೂ ಇದ್ದರು.